ರೋಗವನ್ನು ನೆನಪಿಟ್ಟುಕೊಳ್ಳುವ ರಕ್ತಕಣಗಳು

ಎಲ್ಲರಿಗೂ ನಮಸ್ಕಾರ.

ಬೆರಳಿಗೆ ಮುಳ್ಳು ಚುಚ್ಚಿತು ಅಂದುಕೊಳ್ಳಿ. ಕೆಲವೇ ಗಂಟೆಗಳಲ್ಲಿ ಆ ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುತ್ತದೆ. ಅಲ್ಲಿನ ರಕ್ತನಾಳಗಳು ಹಿಗ್ಗಿ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಹೊರಗೆ ನುಸುಳುತ್ತವೆ. ಸಿಕ್ಕ ಬ್ಯಾಕ್ಟೀರಿಯಾಗಳನ್ನೆಲ್ಲ ನುಂಗಿ ತಾವೂ ಸಾಯುತ್ತವೆ. ಕೀವು ಅಂತೀವಲ್ಲ, ಅದರಲ್ಲಿ ಬಹುಪಾಲು ಈ ಸತ್ತ ಕಣಗಳೇ. ಹುಟ್ಟಿನಿಂದಲೇ ಬಂದಿರುವ ರಕ್ಷಣೆ ಇದು. ಯಾರು ಬಂದರೂ ಒಂದೇ ಬಗೆಯ ಹೊಡೆತ.

ನನಗೆ ಇದಕ್ಕಿಂತ ಸೋಜಿಗ ಅನ್ನಿಸೋದು ಬಿ ಮತ್ತು ಟಿ ಎಂಬ ಇನ್ನೆರಡು ಬಗೆಯ ಬಿಳಿ ರಕ್ತಕಣಗಳು. ಇವು ತಯಾರಾಗುವಾಗ ಜೀನ್‌ಗಳ ತುಂಡುಗಳು ಹೇಗೆಂದರೆ ಹಾಗೆ ಕೂಡಿಕೊಳ್ಳುತ್ತವೆ. ಹಾಗಾಗಿ ಒಂದೊಂದು ಕಣವೂ ರೋಗಾಣುಗಳ ಬೇರೆ ಬೇರೆ ಗುರುತನ್ನು ಹಿಡಿಯಬಲ್ಲದು. ಇದನ್ನು ತೋರಿಸಿಕೊಟ್ಟ ಸುಸುಮು ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಅಂದರೆ, ನೀವು ಇನ್ನೂ ಕಂಡೇ ಇರದ ವೈರಸ್ಸಿಗೂ ಹೊಂದುವ ಕಣ ನಿಮ್ಮೊಳಗೆ ಈಗಾಗಲೇ ಇರಬಹುದು!

ಆದರೆ ಹೀಗೆ ಸುಮ್ನೆ ಕೂಡಿಸಿದರೆ ನಮ್ಮ ಮೈಯನ್ನೇ ಹಿಡಿಯುವ ಕಣಗಳೂ ಹುಟ್ಟುತ್ತವೆ, ಅಲ್ವಾ? ಅದಕ್ಕೇ ಎದೆಮೂಳೆಯ ಹಿಂದೆ ಥೈಮಸ್ ಗ್ರಂಥಿ ಇದೆ. ಇದರ ಕೆಲಸವೇನು ಅಂತ ಗೊತ್ತಾಗಿದ್ದು 1961ರಲ್ಲಿ, ಜಾಕ್ ಮಿಲ್ಲರ್ ಇಲಿಮರಿಗಳ ಮೇಲೆ ನಡೆಸಿದ ಪ್ರಯೋಗದಿಂದ. ಇಲ್ಲಿಗೆ ಬರುವ ಎಳೆಯ ಟಿ ಕಣಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಹೊರಗೇ ಬರುವುದಿಲ್ಲ. ಮೈಯ ಕಣಗಳಿಗೆ ಬಲವಾಗಿ ಅಂಟಿದವೂ ಸಾಯುತ್ತವೆ, ಏನನ್ನೂ ಗುರುತಿಸದವೂ ಸಾಯುತ್ತವೆ. ಈ ಸೋಸುವಿಕೆಯಲ್ಲಿ ತಪ್ಪಿಸಿಕೊಂಡ ಕಣಗಳು ಮುಂದೆ ನಮ್ಮ ಮೇಲೇ ತಿರುಗಿಬೀಳಬಹುದು. 'ಇಮ್ಯುನಿಟಿ ಜಾಸ್ತಿ ಮಾಡುತ್ತದೆ' ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಬರೀ ಜಾಸ್ತಿಯಾದರೆ ಏನು ಬಂತು?

ಎಳೆಗೂಸಿಗೆ ಮೊದಲ ತಿಂಗಳುಗಳಲ್ಲಿ ಆಸರೆ ತಾಯಿಯ ಪ್ರತಿಕಾಯಗಳು, ಅಂದರೆ ಬಿ ಕಣಗಳಿಂದ ತಯಾರಾಗಿ ರೋಗಾಣುಗಳಿಗೆ ಅಂಟಿಕೊಳ್ಳುವ ಪ್ರೋಟೀನ್‌ಗಳು. ಇವು ಹೊಕ್ಕುಳಬಳ್ಳಿಯ ಮೂಲಕ, ಜಾಸ್ತಿಯಾಗಿ ಬಸುರಿನ ಕೊನೆಯ ತಿಂಗಳುಗಳಲ್ಲಿ ಬರುತ್ತವೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಇವು ಕಡಿಮೆ. ದಡಾರದ ಲಸಿಕೆಯನ್ನು ಹುಟ್ಟಿದ ಕೂಡಲೇ ಕೊಡದಿರುವುದಕ್ಕೂ ಇವೇ ಒಂದು ಕಾರಣ. ತಾಯಿಯ ಪ್ರತಿಕಾಯಗಳು ಲಸಿಕೆಯನ್ನೇ ಕೆಲಸ ಮಾಡಲು ಬಿಡುವುದಿಲ್ಲ.

ಹೊಸ ರೋಗ ಬಂದಾಗ ಹೊಂದುವ ಕಣ ಸಿಕ್ಕಿ, ಅದು ಒಡೆದು ಸಾವಿರಾರಾಗಲು ಒಂದು ವಾರವಾದರೂ ಬೇಕು. ಗಂಟಲು ನೋವಿನ ಜೊತೆ ದವಡೆಯ ಕೆಳಗೆ ಗಂಟು ಕೈಗೆ ಸಿಗುತ್ತದಲ್ಲ, ಈ ಕೆಲಸ ನಡೆಯುವುದು ಅಲ್ಲೇ. ರೋಗ ಹೋದ ಮೇಲೆ ಹೆಚ್ಚಿನವು ಸಾಯುತ್ತವೆ, ಕೆಲವು ನೆನಪಿನ ಕಣಗಳಾಗಿ ಉಳಿಯುತ್ತವೆ. ಎರಡನೇ ಸಲ ಅದೇ ರೋಗ ಬಂದರೆ ಅಷ್ಟು ಕಾಯಬೇಕಿಲ್ಲ.

ಈ ನೆನಪು ಎಷ್ಟು ಕಾಲ ಇರುತ್ತದೆ? 1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫೇರೋ ದ್ವೀಪಗಳಲ್ಲಿ ದಡಾರ ಹರಡಿತು. ಸುಮಾರು 7,800 ಜನರಲ್ಲಿ 6,000 ಮಂದಿಗೆ ತಗುಲಿತು. ಅಲ್ಲಿಗೆ ಹೋಗಿದ್ದ ಡೆನ್ಮಾರ್ಕಿನ ವೈದ್ಯ ಪೀಟರ್ ಪಾನಮ್ ಒಂದು ಸಂಗತಿ ಗಮನಿಸಿದರು. 1781ರ ದಡಾರದಲ್ಲಿ ಮಲಗಿ ಎದ್ದಿದ್ದ ಮುದುಕರಿಗೆ ಈ ಸಲ ಅದು ಬರಲಿಲ್ಲ. ನಡುವೆ 65 ವರ್ಷ ಕಳೆದಿತ್ತು!

ಇದೇ ದಡಾರಕ್ಕೆ ಇನ್ನೊಂದು ಕೆಟ್ಟ ಗುಣವಿದೆ. ಅದು ನೆನಪಿನ ಕಣಗಳಿಗೇ ಸೋಂಕು ಹಚ್ಚಿ ಕೊಲ್ಲುತ್ತದೆ. ತನ್ನ ನೆನಪನ್ನು ಉಳಿಸಿ, ಬೇರೆ ರೋಗಗಳದ್ದನ್ನು ಅಳಿಸುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲಸಿಕೆ ಇಲ್ಲದೆ ದಡಾರ ಬಂದ ಮಕ್ಕಳು ಹಳೆಯ ಪ್ರತಿಕಾಯಗಳಲ್ಲಿ ಶೇಕಡ 11ರಿಂದ 73ರಷ್ಟು ಕಳೆದುಕೊಂಡಿದ್ದರು. ಲಸಿಕೆ ಹಾಕಿಸಿಕೊಂಡ ಮಕ್ಕಳಲ್ಲಿ ಈ ನಷ್ಟ ಕಾಣಲಿಲ್ಲ.