ನಿಕಾಹ್‌ನಾಮಾದ 18ನೇ ಕಾಲಂನಲ್ಲಿ ಏನಿದೆ?

ನಮಸ್ಕಾರ. ಮುಸ್ಲಿಂ ಹೆಣ್ಣುಮಕ್ಕಳ ಸ್ಥಾನಮಾನ ಅಂದ ಕೂಡಲೇ ಮಾತು ಬುರ್ಖಾ ಹತ್ತಿರ ಹೋಗಿ ನಿಂತುಬಿಡುತ್ತದೆ. ಆ ಹೆಣ್ಣುಮಕ್ಕಳೇ ಏನು ಕೇಳುತ್ತಿದ್ದಾರೆ ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು ಮದುವೆಯ ಕರಾರು ಬರೆಯುವ ಒಂದು ಫಾರ್ಮ್. ಪಾಕಿಸ್ತಾನದ ನಿಕಾಹ್‌ನಾಮಾ.

ಇಸ್ಲಾಮಿನಲ್ಲಿ ಮದುವೆ ಒಂದು ಕರಾರು, ಗೊತ್ತಲ್ವಾ? ಕರಾರು ಅಂದಮೇಲೆ ಷರತ್ತು ಹಾಕಬಹುದು. 1961ರ ಕೌಟುಂಬಿಕ ಕಾನೂನಿನ ಜೊತೆ ಬಂದ ಈ ಫಾರ್ಮ್‌ನ 18ನೇ ಕಾಲಂ ಕೇಳುವುದು ಇಷ್ಟೇ: ತಲಾಖ್ ಕೊಡುವ ಹಕ್ಕನ್ನು ಗಂಡ ಹೆಂಡತಿಗೂ ವಹಿಸಿಕೊಟ್ಟಿದ್ದಾನಾ? ಇದು ತಲಾಖ್-ಎ-ತಫ್ವೀಜ್. ಇದಿದ್ದರೆ ಅವಳು ಖುಲಾಕ್ಕಾಗಿ, ಅಂದರೆ ಹೆಂಡತಿಯೇ ಕೇಳಿ ಪಡೆಯುವ ವಿಚ್ಛೇದನಕ್ಕಾಗಿ, ಕೋರ್ಟಿಗೆ ಅಲೆಯಬೇಕಿಲ್ಲ, ಮೆಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡಬೇಕಾದ ಹಣ ಅಥವಾ ಆಸ್ತಿ) ಬಿಟ್ಟುಕೊಡಬೇಕಿಲ್ಲ.

ಆದರೆ ಎಷ್ಟೋ ಮದುವೆಗಳಲ್ಲಿ ಹಿರಿಯರೋ ನಿಕಾಹ್ ಮಾಡಿಸುವವರೋ ಆ ಕಾಲಂ ಮೇಲೆ ಮೊದಲೇ ಅಡ್ಡಗೆರೆ ಎಳೆದುಬಿಡುತ್ತಾರೆ. ಮದುವೆ ದಿನ ತಲಾಖ್ ಮಾತು ಅಪಶಕುನವಂತೆ! ಸುಮ್ನೆ ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಮದರಂಗಿ ಹಚ್ಚಿದ ಕೈಗೆ ಪೆನ್ನು ಕೊಟ್ಟು 'ಇಲ್ಲಿ ಸಹಿ ಹಾಕಮ್ಮ' ಅನ್ನುವ ಹೊತ್ತಿಗೆ ಆ ಗೆರೆಯ ಇಂಕು ಒಣಗಿಹೋಗಿರುತ್ತದೆ. ಅವಳ ಹಕ್ಕು ಅಲ್ಲೇ ಅಚ್ಚಾಗಿದೆ, ಅವಳಿಗೇ ಯಾರೂ ಓದಿ ಹೇಳಿಲ್ಲ. ನನಗೆ ಇದು ಬಹಳ ಸಂಕಟ ತಂದ ವಿಷಯ.

ಬದಲಾಗುತ್ತಿರುವುದು ಇಲ್ಲೇ. ಸಹಿಗೆ ಮುಂಚೆ ಕಾಗದ ನಮ್ಮ ಕೈಗೆ ಕೊಡಿ, ನಾವೇ ಓದುತ್ತೇವೆ ಅನ್ನುವ ಹೆಣ್ಣುಮಕ್ಕಳು ಈಗ ಇದ್ದಾರೆ. ಅವರಲ್ಲಿ ಅನೇಕರು ಧರ್ಮದ ಜೊತೆ ಜಗಳಕ್ಕೆ ನಿಂತವರಲ್ಲ, ಧರ್ಮವೇ ಕೊಟ್ಟಿದ್ದನ್ನು ಯಾಕೆ ಮುಚ್ಚಿಟ್ಟಿರಿ ಅಂತ ಕೇಳುತ್ತಿದ್ದಾರೆ.

ಬಾಂಗ್ಲಾದೇಶದ್ದು ಇನ್ನೊಂದು ಕಥೆ. ಅಲ್ಲಿನ ಫಾರ್ಮ್ ವಧು 'ಕುಮಾರಿ'ಯೋ, ವಿಧವೆಯೋ, ತಲಾಖ್ ಆದವಳೋ ಅಂತ ಕೇಳುತ್ತಿತ್ತು. ನಮಗೆ ಕುಮಾರಿ ಅಂದರೆ ಹೆಸರಿಗೆ ಮೊದಲು ಬರುವ ಮಾತು, ಅಲ್ಲಿ ಅದಕ್ಕೆ ಕನ್ಯೆ ಅನ್ನುವ ಅರ್ಥವೂ ಇದೆ. ಮಹಿಳಾ ಸಂಘಟನೆಗಳು ಕೋರ್ಟಿಗೆ ಹೋದವು. 2019ರಲ್ಲಿ ಹೈಕೋರ್ಟ್, ಆ ಪದ ತೆಗೆದು ಅವಿವಾಹಿತೆ ಅಂತ ಹಾಕಿ, ವರನಿಗೂ ಇದೇ ಪ್ರಶ್ನೆ ಕೇಳಿ ಅಂದಿತು.

ಸಮಯ ಜಾಸ್ತಿ ಇಲ್ಲ, ಉಳಿದದ್ದು ಬೇಗ ಹೇಳುತ್ತೇನೆ. ಹೆಂಡತಿ ಗಂಡನ ಮಾತು ಕೇಳಲೇಬೇಕು ಅನ್ನುವ ನಿಯಮವನ್ನು ಮೊರಾಕ್ಕೊ 2004ರಲ್ಲೇ ಕೈಬಿಟ್ಟಿತು. ನಮ್ಮ ಸುಪ್ರೀಂ ಕೋರ್ಟ್ 2017ರಲ್ಲಿ ಒಂದೇ ಉಸಿರಿನ ಮೂರು ತಲಾಖ್ ರದ್ದು ಮಾಡಿದ್ದು ಮುಸ್ಲಿಂ ಮಹಿಳೆಯರೇ ಮೆಟ್ಟಿಲು ಹತ್ತಿದ್ದರಿಂದ.

ಮುಂದಿನ ವಿಡಿಯೋ ಮೆಹರ್ ಬಗ್ಗೆ. ಅಷ್ಟರೊಳಗೆ, ನಿಮ್ಮದೋ ಅಮ್ಮನದೋ ನಿಕಾಹ್‌ನಾಮಾ ಮನೆಯಲ್ಲಿದ್ದರೆ ತೆಗೆದು ಓದಿ. ಷರತ್ತು ಬರೆಯುವ ಜಾಗದಲ್ಲಿ ಏನಿದೆ ಅಂತ ಕಾಮೆಂಟ್‌ನಲ್ಲಿ ತಿಳಿಸಿ.