ಮರದ ಬಂದೂಕು ಮತ್ತು 27ನೆಯ ವಿಧಿ

ಕೇಳುಗರಿಗೆ ನಮಸ್ಕಾರ.

1994ರ ಜನವರಿ 1ರ ನಸುಕಿನಲ್ಲಿ, ಮೆಕ್ಸಿಕೋದ ದಕ್ಷಿಣದ ಅಂಚಿನಲ್ಲಿರುವ ಚಿಯಾಪಾಸ್ ರಾಜ್ಯದ ಸಾನ್ ಕ್ರಿಸ್ತೋಬಾಲ್ ಪಟ್ಟಣದ ಜನ ಹೊಸ ವರ್ಷದ ಸಡಗರದ ಮಂಪರಿನಿಂದ ಎಚ್ಚರಗೊಳ್ಳುವ ಹೊತ್ತಿಗೆ, ಅವರ ನಗರಸಭೆಯ ಕಟ್ಟಡ ಮುಖಕ್ಕೆ ಉಣ್ಣೆಯ ಮುಸುಕು ತೊಟ್ಟ ಮಾಯಾ ಮೂಲನಿವಾಸಿಗಳ ವಶವಾಗಿತ್ತು. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಈ ಪಟ್ಟಣದ ಕಾಲುದಾರಿಯಲ್ಲಿ ಬಿಳಿಯರೋ ಮಿಶ್ರವಂಶದವರೋ ಎದುರಾದರೆ ಮೂಲನಿವಾಸಿಗಳು ಬೀದಿಗಿಳಿದು ದಾರಿ ಬಿಡಬೇಕಾಗಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಆ ಬೆಳಗ್ಗೆ ಅದೇ ಬೀದಿಗಳಲ್ಲಿ ಕಾವಲು ನಿಂತಿದ್ದರು. ತಮ್ಮನ್ನು ಅವರು ಸಪಾಟಿಸ್ಟಾ ರಾಷ್ಟ್ರೀಯ ವಿಮೋಚನಾ ಸೇನೆ ಎಂದು ಕರೆದುಕೊಂಡರು.

ಸೇನೆ ಎಂಬ ಮಾತು ಕೇಳಿ ನಾವು ಊಹಿಸಿಕೊಳ್ಳುವ ಚಿತ್ರಕ್ಕೂ ಅಲ್ಲಿ ಇದ್ದುದಕ್ಕೂ ಅಂತರವಿದೆ. ಕೆಲವರ ಬಳಿ ಒಳ್ಳೆಯ ಬಂದೂಕುಗಳಿದ್ದವು, ಹಲವರ ಬಳಿ ಬೇಟೆಯ ಹಳೆಯ ಕೋವಿಗಳಿದ್ದವು. ಇನ್ನು ಕೆಲವರು ಹಿಡಿದಿದ್ದದ್ದು ಬಂದೂಕಿನ ಆಕಾರಕ್ಕೆ ಕೆತ್ತಿದ ಬರಿಯ ಮರ. ಮರುದಿನ ಒಕೊಸಿಂಗೊ ಪಟ್ಟಣದ ಸಂತೆಯ ಜಾಗದಲ್ಲಿ ಸೈನ್ಯ ಅವರನ್ನು ಮುತ್ತಿದಾಗ ನಡೆದದ್ದು ಈ ಬಂಡಾಯದ ಅತ್ಯಂತ ಕ್ರೂರ ಕಾದಾಟ. ಅಲ್ಲಿ ಸತ್ತವರ ಚಿತ್ರಗಳಲ್ಲಿ ಒಬ್ಬನ ಪಕ್ಕದಲ್ಲಿ ಬಿದ್ದಿದ್ದದ್ದು ಅಂಥ ಮರದ ಬಂದೂಕೇ. ಗುಂಡು ಹಾರದು ಎಂದು ಗೊತ್ತಿದ್ದೂ ಅದನ್ನು ಹೆಗಲಿಗೇರಿಸಿಕೊಂಡು ಬೆಟ್ಟ ಇಳಿದು ಬಂದವನ ಮನಸ್ಸು ಅರ್ಥವಾಗಬೇಕಾದರೆ, ಆ ದೇಶದ ಸಂವಿಧಾನದ ಒಂದು ವಿಧಿಯ ಕಥೆಯನ್ನು ಹೇಳಲೇಬೇಕು.

ಮೆಕ್ಸಿಕೋದ 1917ರ ಸಂವಿಧಾನದ 27ನೆಯ ವಿಧಿ, ಎಮಿಲಿಯಾನೊ ಸಪಾಟಾನಂಥ ರೈತ ನಾಯಕರು ‘ಭೂಮಿ ಮತ್ತು ಸ್ವಾತಂತ್ರ್ಯ’ಕ್ಕಾಗಿ ನಡೆಸಿದ ಕ್ರಾಂತಿಯ ಫಲ. ಅದರ ಪ್ರಕಾರ ದೊಡ್ಡ ಜಮೀನ್ದಾರಿಗಳನ್ನು ಒಡೆದು ಹಳ್ಳಿಯ ಸಮುದಾಯಕ್ಕೆ ಭೂಮಿ ಕೊಡಬೇಕಾಗಿತ್ತು. ಈ ಸಮುದಾಯದ ಭೂಮಿಯನ್ನು ಅಲ್ಲಿ ‘ಎಹಿದೊ’ ಎನ್ನುತ್ತಾರೆ. ನಮ್ಮಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಪರಭಾರೆ ಮಾಡದಂತೆ ಕಾನೂನಿನ ತಡೆ ಇರುವ ಹಾಗೆ, ಎಹಿದೊ ಭೂಮಿಯನ್ನು ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ಚಿಯಾಪಾಸ್‌ನ ಮಟ್ಟಿಗೆ ಈ ಹಂಚಿಕೆ ತಡವಾಗಿ, ಅರೆಮನಸ್ಸಿನಿಂದ ನಡೆಯಿತು. ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ಸಾವಿರಾರು. ಆದರೂ ಅರ್ಜಿಗೆ ಅರ್ಥವಿತ್ತು. 1992ರಲ್ಲಿ ಅಧ್ಯಕ್ಷ ಕಾರ್ಲೋಸ್ ಸಲಿನಾಸ್ ಅವರ ಸರ್ಕಾರ ಈ ವಿಧಿಗೆ ತಿದ್ದುಪಡಿ ತಂದು, ಭೂಮಿ ಹಂಚುವ ಕೆಲಸ ಮುಗಿಯಿತೆಂದು ಸಾರಿ, ಎಹಿದೊ ಜಮೀನಿನ ಮಾರಾಟಕ್ಕೂ ದಾರಿ ತೆರೆಯಿತು. ಕಾದು ಕುಳಿತವರ ಪಾಲಿಗೆ ಅರ್ಜಿಯ ಜೊತೆಗೆ ಆಸೆಯೂ ವಜಾ ಆಯಿತು.

ಅದಕ್ಕೂ ಮುಂಚೆ ಕಾಫಿ ಕೈಕೊಟ್ಟಿತ್ತು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಮುರಿದುಬಿದ್ದು ಧಾರಣೆ ಪಾತಾಳಕ್ಕಿಳಿದದ್ದು ಕೊಡಗು, ಚಿಕ್ಕಮಗಳೂರಿನ ಹಿರಿಯ ಬೆಳೆಗಾರರಿಗೆ ನೆನಪಿದ್ದೀತು. ಒಂದು ವ್ಯತ್ಯಾಸವಿದೆ. ಇಲ್ಲಿ ಆಗಿನ್ನೂ ಬೆಳೆಯನ್ನು ಒಟ್ಟುಗೂಡಿಸಿ ತಾನೇ ಮಾರುವ ಕಾಫಿ ಮಂಡಳಿಯ ಪೂಲ್ ಪದ್ಧತಿ ಇತ್ತು. ಚಿಯಾಪಾಸ್‌ನಲ್ಲಿ ಅದೇ ಹೊತ್ತಿಗೆ ಸರ್ಕಾರಿ ಕಾಫಿ ಸಂಸ್ಥೆ ಖರೀದಿಯಿಂದ ಹಿಂದೆ ಸರಿಯಿತು, ಒಂದೆರಡು ಎಕರೆಯ ಬೆಳೆಗಾರ ದಲ್ಲಾಳಿ ಹೇಳಿದ ಬೆಲೆಗೆ ಮೂಟೆ ಇಳಿಸಿ ಬರಬೇಕಾಯಿತು. ಉಳಿದದ್ದು ಮೆಕ್ಕೆಜೋಳ. ಅಮೆರಿಕ ಮತ್ತು ಕೆನಡಾಗಳೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ, ಅಂದರೆ ನಾಫ್ಟಾ, ಅಮೆರಿಕದ ಸಬ್ಸಿಡಿ ಪಡೆದ ಮೆಕ್ಕೆಜೋಳಕ್ಕೆ ಗಡಿ ತೆರೆಯುವುದಿತ್ತು. ಆ ಒಪ್ಪಂದ ಜಾರಿಗೆ ಬಂದ ದಿನ 1994ರ ಜನವರಿ 1. ಬಂಡಾಯದ ದಿನಾಂಕವನ್ನು ಹೀಗೆ ಆರಿಸಿದ್ದರು.

ಅಂದು ಅವರು ಹೊರಡಿಸಿದ ಘೋಷಣೆ ‘ಸಾಕು’ ಎಂದಿತು. ಕೆಲಸ, ಭೂಮಿ, ಮನೆ, ಅನ್ನ, ಆರೋಗ್ಯ, ಶಿಕ್ಷಣ, ಸ್ವಾವಲಂಬನೆ, ಸ್ವಾತಂತ್ರ್ಯ, ಪ್ರಜಾಪ್ರಭುತ್ವ, ನ್ಯಾಯ, ಶಾಂತಿ ಎಂದು ಹನ್ನೊಂದು ಬೇಡಿಕೆಗಳನ್ನು ಮುಂದಿಟ್ಟಿತು. ಬೇರೆ ದೇಶ ಬೇಕೆಂದು ಅವರು ಕೇಳಲಿಲ್ಲ ಎಂಬುದನ್ನು ಗಮನಿಸಬೇಕು. ಕಾದಾಟ ನಡೆದದ್ದು ಹನ್ನೆರಡು ದಿನ. ರಾಜಧಾನಿಯ ಬೀದಿಗಳಲ್ಲಿ ಯುದ್ಧ ನಿಲ್ಲಿಸಿ ಎಂದು ಬೃಹತ್ ಮೆರವಣಿಗೆ ಹೊರಟಿತು. ಜನವರಿ 12ರಂದು ಸರ್ಕಾರ ಕದನವಿರಾಮ ಸಾರಿತು. ಸತ್ತವರು ನೂರಕ್ಕೂ ಹೆಚ್ಚು.

ಮುಂದಿನ ತಿಂಗಳು ಸಾನ್ ಕ್ರಿಸ್ತೋಬಾಲ್‌ನ ಕೆಥೆಡ್ರಲ್‌ನಲ್ಲಿ, ಬಿಷಪ್ ಸಾಮುವೆಲ್ ರುಯಿಸ್ ಅವರ ಮಧ್ಯಸ್ಥಿಕೆಯಲ್ಲಿ ಮಾತುಕತೆ ಆರಂಭವಾಯಿತು. ಪತ್ರಕರ್ತರ ಕಣ್ಣೆಲ್ಲ ಬಾಯಲ್ಲಿ ಪೈಪು ಕಚ್ಚಿಕೊಂಡು ಚುರುಕಾಗಿ ಮಾತಾಡುವ ವಕ್ತಾರ ಮಾರ್ಕೋಸ್ ಮೇಲೆ. ಜಗತ್ತಿನ ಗೋಡೆಗಳ ಮೇಲೆ ಅಂಟಿದ್ದೂ ಅವನ ಚಿತ್ರವೇ. ಆತ ಮೂಲನಿವಾಸಿಯಲ್ಲ, ಪಟ್ಟಣದಿಂದ ಬಂದ ಓದಿದವನು. ನನ್ನ ಗಮನ ನಿಲ್ಲುವುದು ಅದೇ ಸಭೆಯಲ್ಲಿದ್ದ ಗಿಡ್ಡ ನಿಲುವಿನ ರಮೋನಾ ಎಂಬ ಹೆಂಗಸಿನ ಮೇಲೆ. ತ್ಸೊತ್ಸಿಲ್ ಭಾಷೆಯ, ಸ್ಪ್ಯಾನಿಷ್ ಅಷ್ಟಾಗಿ ಬಾರದ, ಕಸೂತಿ ಹಾಕಿ ಬದುಕುತ್ತಿದ್ದ ಆಕೆ, ಕಸೂತಿಯ ರವಿಕೆಯ ಮೇಲೆ ಕಪ್ಪು ಮುಸುಕು ತೊಟ್ಟು ಸರ್ಕಾರದ ಪ್ರತಿನಿಧಿಯ ಎದುರು ಕುಳಿತಿದ್ದಳು. ಎಷ್ಟು ಮಕ್ಕಳನ್ನು ಹೆರಬೇಕು, ಯಾರನ್ನು ಮದುವೆಯಾಗಬೇಕು ಎಂಬುದನ್ನು ಹೆಣ್ಣೇ ನಿರ್ಧರಿಸಬೇಕು ಎನ್ನುವ ಸಪಾಟಿಸ್ಟಾಗಳ ಮಹಿಳಾ ಕಾನೂನನ್ನು ಬಂಡಾಯಕ್ಕೆ ಮೊದಲೇ ಊರೂರು ಸುತ್ತಿ ಒಪ್ಪಿಸಿದವರಲ್ಲಿ ಆಕೆಯೂ ಒಬ್ಬಳು. ಗಂಡಸರನ್ನು ಒಪ್ಪಿಸುವುದು ಸೈನ್ಯವನ್ನು ಎದುರಿಸಿದಷ್ಟೇ ಕಷ್ಟವಾಗಿದ್ದಿರಬೇಕು.

1996ರ ಫೆಬ್ರವರಿಯಲ್ಲಿ ಮೂಲನಿವಾಸಿಗಳ ಸ್ವಾಯತ್ತತೆಯನ್ನು ಒಪ್ಪುವ ಸಾನ್ ಆಂದ್ರೇಸ್ ಒಪ್ಪಂದಕ್ಕೆ ಸಹಿ ಬಿತ್ತು. ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. 1997ರ ಡಿಸೆಂಬರ್ 22ರಂದು ಆಕ್ತೆಯಾಲ್ ಎಂಬ ಹಳ್ಳಿಯಲ್ಲಿ ಪ್ರಾರ್ಥನೆಗೆ ಸೇರಿದ್ದ 45 ಮಂದಿಯನ್ನು ಅರೆಸೈನಿಕ ಗುಂಪೊಂದು ಕೊಂದಿತು. ಸತ್ತವರು ಆಯುಧವನ್ನೇ ಮುಟ್ಟದ ಶಾಂತಿವಾದಿಗಳಾಗಿದ್ದರು. 2001ರಲ್ಲಿ ಸಂಸತ್ತು ಒಪ್ಪಿದ ಕಾಯಿದೆ ಮೂಲ ಒಪ್ಪಂದದ ನೆರಳಷ್ಟೇ ಆಗಿತ್ತು. ಕೇಳಿ ಸಾಕಾದ ಸಪಾಟಿಸ್ಟಾಗಳು, ತಾವೇ ನಡೆಸತೊಡಗಿದ್ದ ಶಾಲೆ, ಚಿಕಿತ್ಸಾಲಯ, ಪಂಚಾಯಿತಿಗಳ ಮೇಲೆ 2003ರಲ್ಲಿ ತಮ್ಮದೇ ಆಡಳಿತ ಮಂಡಳಿಗಳನ್ನು ಕಟ್ಟಿಕೊಂಡರು. ಅವರ ಗಡಿಯ ಫಲಕದಲ್ಲಿ ‘ಇಲ್ಲಿ ಜನ ಆಳುತ್ತಾರೆ, ಸರ್ಕಾರ ಪಾಲಿಸುತ್ತದೆ’ ಎಂದು ಬರೆದಿರುತ್ತದೆ. ಆ ಆಡಳಿತದಲ್ಲೂ ಕೊರತೆಗಳಿದ್ದವು. ಮೇಲಿನ ಹಂತ ಜನರಿಂದ ದೂರವಾಯಿತೆಂದು ಒಪ್ಪಿಕೊಂಡು 2023ರಲ್ಲಿ ಅವರೇ ಅದನ್ನು ವಿಸರ್ಜಿಸಿ ಅಧಿಕಾರವನ್ನು ಹಳ್ಳಿಗಳಿಗೆ ಇಳಿಸಿದರು.

ಬಂಡಾಯಕ್ಕೆ ಮೂವತ್ತು ತುಂಬುವ ಹೊತ್ತಿಗೆ ಭೂಮಿಯ ಬಗ್ಗೆಯೂ ಒಂದು ತೀರ್ಮಾನ ಹೊರಬಿತ್ತು. 1994ರಲ್ಲಿ ಜಮೀನ್ದಾರರಿಂದ ವಶಪಡಿಸಿಕೊಂಡ ನೆಲದ ಒಂದು ಭಾಗವನ್ನು ಇನ್ನು ಯಾರ ಹೆಸರಿಗೂ ಬರೆಯುವುದಿಲ್ಲ, ಅದಕ್ಕೆ ಹಕ್ಕುಪತ್ರವೇ ಇರುವುದಿಲ್ಲ. ಸರದಿಯ ಮೇಲೆ ಉಳಬೇಕು, ಸಪಾಟಿಸ್ಟಾ ಅಲ್ಲದ ನೆರೆಯ ಹಳ್ಳಿಯವರೂ ಬಂದು ಉಳಬಹುದು.

ನಮಸ್ಕಾರ.