ಕರೆಂಟ್ ಬಿಲ್ ಕೇಳಿದ ಸಮಿತಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗಿನ ಕಾಫಿ ಆಯ್ತಾ? ಆಗಿದ್ದರೆ ಒಂದು ಪ್ರಶ್ನೆ. ಆ ಕಾಫಿ ಸರ್ಕಾರದ ಯಾವ ಇಲಾಖೆಗೆ ಸೇರಿದ್ದು? ತೋಟದಲ್ಲಿ ಬೆಳೆಯುವುದು, ಹಾಗಾಗಿ ಕೃಷಿ ಇಲಾಖೆ ಅನ್ನುತ್ತೀರಿ ನೀವು. ಅಲ್ಲ. ಕಾಫಿ ಇರುವುದು ದೆಹಲಿಯ ವಾಣಿಜ್ಯ ಇಲಾಖೆಯ ಕೆಳಗೆ. ಬೆಂಗಳೂರಿನ ಅಂಬೇಡ್ಕರ್ ವೀಧಿಯಲ್ಲಿ ಕಾಫಿ ಮಂಡಳಿ ಇದೆಯಲ್ಲ, ಅದು 1942ರ ಕಾಫಿ ಕಾಯ್ದೆಯಂತೆ ನಡೆಯುವ ಸಂಸ್ಥೆ, ವಾಣಿಜ್ಯ ಇಲಾಖೆಯದು. ಚಹಾ ಮಂಡಳಿ ಕೋಲ್ಕತ್ತದಲ್ಲಿ, ರಬ್ಬರ್ ಕೊಟ್ಟಾಯಂನಲ್ಲಿ, ಸಾಂಬಾರ ಪದಾರ್ಥದ್ದು ಕೊಚ್ಚಿಯಲ್ಲಿ, ತಂಬಾಕು ಗುಂಟೂರಿನಲ್ಲಿ. ಎಲ್ಲ ಅದೇ ಮನೆಯ ಮಕ್ಕಳು. ಹೊರದೇಶಕ್ಕೆ ಹೋಗಿ ಡಾಲರ್ ತರುವ ಬೆಳೆ ಅಂತ ಆ ಕಾಲದಿಂದ ಹಾಗೆ ನಡೆದುಕೊಂಡು ಬಂದಿದೆ.

ಅಂದರೆ ಚಿಕ್ಕಮಗಳೂರು, ಕೊಡಗು, ಹಾಸನದ ಕಾಫಿಯವರು, ಸಕಲೇಶಪುರದ ಏಲಕ್ಕಿಯವರು, ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನವರು, ಈ ಮೂವರೂ ಇವತ್ತಿನ ಮಾತು ಕಿವಿಗೊಟ್ಟು ಕೇಳಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ನಮ್ಮ ರಾಜ್ಯದ್ದೇ. ಆ ಇಲಾಖೆ ಹಣ ಏನು ಮಾಡುತ್ತದೆ, ಅದನ್ನು ಕೇಳುವವರು ಯಾರು, ಇದು ನಮಗೆ ಗೊತ್ತಿರಬೇಕಲ್ವಾ?

ನಾನು ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ಕೂತವನು. ಭಾಷಣ ಬರುವುದಿಲ್ಲ. ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಸರ್ಕಾರವನ್ನು ‘ಎಷ್ಟು ಕೊಟ್ಟಿರಿ’ ಅಂತ ಕೇಳಬೇಡಿ. ‘ಕೊಟ್ಟ ಮೇಲೆ ಏನಾಯ್ತು’ ಅಂತ ಕೇಳಿ. ಈ ಮಾತನ್ನು ಇನ್ನೂ ನಾಲ್ಕೈದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಟಿ.ವಿ.ಯಲ್ಲಿ ಲೋಕಸಭೆಯ ಪ್ರಶ್ನೋತ್ತರ ನೋಡಿರುತ್ತೀರಿ. ಬೆಳಿಗ್ಗೆ 11ರಿಂದ 12. ಚುಕ್ಕೆ ಗುರುತಿನ ಪ್ರಶ್ನೆ ದಿನಕ್ಕೆ 20, ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡಬೇಕು. ಐದಾರು ಮುಗಿಯುವಷ್ಟರಲ್ಲಿ ಗಂಟೆ ಹನ್ನೆರಡಾಗಿರುತ್ತದೆ. ಚುಕ್ಕೆ ಇಲ್ಲದ ಪ್ರಶ್ನೆ 230, ಅವಕ್ಕೆ ಬರಹದಲ್ಲಿ ಉತ್ತರ. ಪ್ರಶ್ನೆಯ ಕೊನೆಗೆ ಯಾವಾಗಲೂ ಒಂದು ಬಾಲ: ‘ಹಾಗಿದ್ದಲ್ಲಿ ಅದರ ವಿವರಗಳೇನು?’ ಉತ್ತರ ಬಹಳ ಸಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಇಂತಿಂಥ ಯೋಜನೆ ಇದೆ, ಇಷ್ಟು ಕೋಟಿ ಒದಗಿಸಲಾಗಿದೆ, ಮುಗಿಯಿತು. ಒದಗಿಸಿದ್ದು ಸರಿ ಸ್ವಾಮೀ, ಆಮೇಲೆ ಏನಾಯ್ತು?

ನಿಜವಾದ ಪ್ರಶ್ನೆ ನಡೆಯುವ ಜಾಗ ಬೇರೆ ಇದೆ. ಕ್ಯಾಮೆರಾ ಇಲ್ಲದ ಕೋಣೆ. ಇಲಾಖಾವಾರು ಸ್ಥಾಯಿ ಸಮಿತಿ ಅಂತ ಹೆಸರು. 1993ರಲ್ಲಿ 17 ಸಮಿತಿ ಮಾಡಿದರು, 2004ರಿಂದ 24. ಒಂದೊಂದರಲ್ಲಿ 31 ಜನ, ಲೋಕಸಭೆಯ 21, ರಾಜ್ಯಸಭೆಯ 10. ಮಂತ್ರಿಗಳಿಗೆ ಅಲ್ಲಿ ಸದಸ್ಯತ್ವ ಇಲ್ಲ. ವಾಣಿಜ್ಯದ ಸಮಿತಿಯನ್ನು ನೋಡಿಕೊಳ್ಳುವುದು ರಾಜ್ಯಸಭೆಯ ಕಚೇರಿ. ಫೆಬ್ರವರಿ 1ಕ್ಕೆ ಬಜೆಟ್ ಬರುತ್ತದೆ, ಆಮೇಲೆ ಸದನಕ್ಕೆ ರಜೆ. ಆ ರಜೆಯಲ್ಲಿ ಸಮಿತಿಯವರು ಇಲಾಖೆಯ ಕಾರ್ಯದರ್ಶಿಯನ್ನು ಕರೆಸಿ, ಎದುರಿಗೆ ಕೂರಿಸಿಕೊಂಡು, ‘ಈ ವರ್ಷ ಇಷ್ಟು ಕೇಳಿದ್ದೀರಲ್ಲ, ಹೋದ ಸಲದ್ದು ಏನಾಯ್ತು?’ ಅನ್ನುತ್ತಾರೆ. ಇದು ಎಷ್ಟು ಮುಖ್ಯ ಗೊತ್ತಾ? ಸದನದಲ್ಲಿ ಎಲ್ಲ ಇಲಾಖೆಯ ಹಣದ ಬೇಡಿಕೆ ಚರ್ಚೆ ಮಾಡಲು ಪುರಸೊತ್ತೇ ಇರುವುದಿಲ್ಲ. ಕೊನೆಯ ದಿನ ಉಳಿದದ್ದನ್ನೆಲ್ಲ ಒಟ್ಟಿಗೆ, ಚರ್ಚೆ ಇಲ್ಲದೆ, ಮತಕ್ಕೆ ಹಾಕಿಬಿಡುತ್ತಾರೆ. ಗಿಲೋಟಿನ್ ಅನ್ನುತ್ತಾರೆ ಅದಕ್ಕೆ. ಹಾಗಾಗಿ ಎಷ್ಟೋ ಇಲಾಖೆಗಳ ಲೆಕ್ಕವನ್ನು ಕೂತು ನೋಡುವವರು ಆಯಾ ಸಮಿತಿಯ ಈ 31 ಜನ ಮಾತ್ರ.

ಈಗ ನನ್ನ ಅನುಭವ ಒಂದು ಹೇಳುತ್ತೇನೆ. ಕಾಫಿಯವರು ಹೆದರಬೇಡಿ, ಇದು ಕಾಫಿಯದಲ್ಲ. ಯಾವ ಕಚೇರಿ, ಯಾವ ಊರು ಅಂತಲೂ ಹೇಳುವುದಿಲ್ಲ. ಬಯಲುಸೀಮೆಯ ಒಂದು ಊರು ಅಂದುಕೊಳ್ಳಿ. ಹಣ್ಣು ತರಕಾರಿ ಹೊರದೇಶಕ್ಕೆ ಕಳಿಸಲಿಕ್ಕೆ ಅಂತ ಸರ್ಕಾರದ ದುಡ್ಡಿನಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಕಟ್ಟಿದ್ದರು. ಉದ್ಘಾಟನೆ ಆಗಿತ್ತು, ಫಲಕದಲ್ಲಿ ಹೆಸರುಗಳಿದ್ದವು. ಆ ವರ್ಷ ಸಮಿತಿಯಿಂದ ನಮಗೆ ಪ್ರಶ್ನೆಗಳ ದೊಡ್ಡ ಕಟ್ಟೇ ಬಂತು. ಗುರಿ ಎಷ್ಟು, ಸಾಧನೆ ಎಷ್ಟು, ಅನುದಾನ ಎಷ್ಟು. ಇವಕ್ಕೆಲ್ಲ ನಮ್ಮ ಹತ್ತಿರ ಉತ್ತರ ರೆಡಿ. ಹಳೆ ಫೈಲಿನಲ್ಲಿ ವರ್ಷ ತಿದ್ದಿದರೆ ಆಯ್ತು. ಕೊನೆಯ ಹಾಳೆಯಲ್ಲಿ ಒಂದೇ ಸಾಲಿನ ಪ್ರಶ್ನೆ ಇತ್ತು. ಆ ಗೋದಾಮಿನ ಕಳೆದ 12 ತಿಂಗಳ ವಿದ್ಯುತ್ ಬಿಲ್ಲುಗಳ ಪ್ರತಿ ಲಗತ್ತಿಸಿ.

ನಮ್ಮ ಸಾಹೇಬರು ಓದಿ, ಕನ್ನಡಕ ತೆಗೆದು, ಮತ್ತೆ ಓದಿದರು. ‘ಇದ್ಯಾಕ್ರೀ ಇವರಿಗೆ?’ ಅಂದರು. ಬಿಲ್ ತರಲು ನನ್ನನ್ನೇ ಕಳಿಸಿದರು. ಬಸ್ಸಿನಲ್ಲಿ ಹೋದೆ. ಸ್ಟ್ಯಾಂಡಿನಲ್ಲಿ ಇಳಿದು ಎರಡು ಮೈಲಿ ನಡಿಗೆ. ಗೇಟಿನ ಹತ್ತಿರ ಬೇವಿನ ಮರ, ಅದರಡಿ ವಾಚ್‌ಮನ್ ಮಂಚ ಹಾಕಿಕೊಂಡು ಮಲಗಿದ್ದ. ಬಿಸಿಲಿಗೆ ನನ್ನ ತಲೆ ಕಾದಿತ್ತು. ಒಳಗೆ ಹೋಗಿ ಸ್ವಲ್ಪ ತಣ್ಣಗೆ ಕೂರೋಣಪ್ಪ ಅಂದೆ. ‘ಅಯ್ಯೋ ಸಾರ್, ಒಳಗಡೆಗಿಂತ ಈ ಮರದಡಿನೇ ತಣ್ಣಗಿರುತ್ತೆ’ ಅಂದ.

ಬಾಗಿಲು ತೆಗೆಸಿದೆ. ಒಳಗೆ ಹುಣಸೆಹಣ್ಣಿನ ಆರು ಮೂಟೆ, ಅವನ ಸೈಕಲ್ಲು. ‘ಹೊರಗಿಟ್ಟರೆ ಕೋತಿ ಕಾಟ ಸಾರ್.’ ಮೀಟರ್ ಡಬ್ಬಿಯಲ್ಲಿ ಕಣಜ ಗೂಡು ಕಟ್ಟಿತ್ತು. ಬಿಲ್ಲುಗಳನ್ನು ಒಂದು ಮೊಳೆಗೆ ಚುಚ್ಚಿ ಇಟ್ಟಿದ್ದ ಪುಣ್ಯಾತ್ಮ, ಒಂದೂ ಕಳೆದಿರಲಿಲ್ಲ. ಅಲ್ಲೇ ನಿಂತು ನೋಡಿದೆ. ಹಿಂದಿನ ರೀಡಿಂಗ್, ಇಂದಿನ ರೀಡಿಂಗ್, ಎರಡೂ ಒಂದೇ. ಮುಂದಿನ ತಿಂಗಳೂ ಒಂದೇ. ಹನ್ನೆರಡೂ ತಿಂಗಳು ಒಂದೇ. ಬರೀ ಮಿನಿಮಮ್ ಚಾರ್ಜು ಕಟ್ಟಿಕೊಂಡು ಬಂದಿದ್ದೆವು. ಕಟ್ಟಡ ಎದ್ದಿತ್ತು, ಯಂತ್ರ ಬಂದಿತ್ತು, ಲೈನ್ ಎಳೆದಿತ್ತು. ನಡೆಸುವವರನ್ನು ಗೊತ್ತು ಮಾಡುವುದೊಂದು ಉಳಿದುಹೋಗಿತ್ತು. ಎರಡು ಸಲ ಟೆಂಡರ್ ಕರೆದರೂ ಯಾರೂ ಬಂದಿರಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಗೋದಾಮಿನ ಲೆಕ್ಕ ಬರೆದವನು ನಾನೇ. ಅದರಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ಅನುದಾನ ಬಂದದ್ದು ನಿಜ, ಖರ್ಚಾದದ್ದು ನಿಜ, ಹಣ ಬಳಸಿದ್ದೇವೆ ಅಂತ ಪ್ರಮಾಣಪತ್ರ ಹೋಗಿದ್ದೂ ನಿಜ. ನಾನು ಟೈಪ್ ಮಾಡಿಸಿ, ಸಾಹೇಬರ ಸಹಿ ಹಾಕಿಸಿ, ಸೀಲ್ ಒತ್ತಿ ಕಳಿಸಿದ್ದೆ. ಹೋಗಿ ನೋಡಿರಲಿಲ್ಲ.

ವಾಪಸ್ಸು ಬಂದು ಬಿಲ್ಲುಗಳನ್ನು ಮೇಜಿನ ಮೇಲೆ ಇಟ್ಟೆ. ಒಂದು ಗಂಟೆ ಸಭೆ ನಡೆಯಿತು, ಎರಡು ಸುತ್ತು ಟೀ ಆಯಿತು. ನಮ್ಮಲ್ಲಿ ಕರಡು ಬರೆಯುವುದರಲ್ಲಿ ಪಳಗಿದ ಒಬ್ಬರಿದ್ದರು. ಅವರು ಬರೆದ ಉತ್ತರ ನನಗೆ ಇವತ್ತಿಗೂ ಬಾಯಿಪಾಠ: ‘ವಿದ್ಯುತ್ ಬಳಕೆಯಲ್ಲಿ ಗಣನೀಯ ಮಿತವ್ಯಯ ಸಾಧಿಸಲಾಗಿದೆ.’ ನಗಬೇಡಿ. ಆ ಕರಡು ಎರಡು ಮೇಜು ದಾಟಿತ್ತು. ಮೂರನೇ ಮೇಜಿನಲ್ಲಿ ಒಬ್ಬ ಹಿರಿಯರು ಅದರ ಮೇಲೆ ಅಡ್ಡಗೆರೆ ಎಳೆದು, ‘ಬಿಲ್ಲು ಹಾಗೇ ಕಳಿಸ್ರೀ’ ಅಂದರು.

ದೆಹಲಿಗೆ ಫೈಲ್ ಹೊತ್ತುಕೊಂಡು ನಾನೂ ಹೋದೆ. ಸಂಸತ್ ಭವನದ ಅನೆಕ್ಸ್ ಅಂತ ಇದೆ, ಅಲ್ಲಿ ಸಮಿತಿಗಳ ಕೋಣೆ. ಒಳಗೆ ನಡೆದ ಮಾತು ಹೊರಗೆ ಹೇಳುವಂತಿಲ್ಲ, ನನಗೆ ಗೊತ್ತೂ ಇಲ್ಲ. ನಾನು ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಸಾಹೇಬರು ಹೊರಗೆ ಬಂದವರು ಒಂದು ಲೋಟ ನೀರು ಕುಡಿದರು, ಇನ್ನೊಂದು ಲೋಟ ಕುಡಿದರು, ಆಮೇಲೆ ‘ಮುಂದಿನ ಸೋಮವಾರವೇ ಟೆಂಡರ್’ ಅಂದರು. ಮೂರನೇ ಟೆಂಡರಿಗೆ ಜನ ಬಂದರು. ಹೇಗೆ ಬಂದರು? ಹಳೆ ಷರತ್ತಿನಲ್ಲಿ ಠೇವಣಿ ಜಾಸ್ತಿ ಇತ್ತು, ಅದನ್ನು ಇಳಿಸಿದರು. ಅಷ್ಟೇ. ಒಂದು ಸಾಲು ತಿದ್ದಲಿಕ್ಕೆ ನಮಗೆ ಸಂಸತ್ತಿನ ಸಮಿತಿ ಬೇಕಾಯಿತು ನೋಡಿ.

ಈ ಕಥೆಗೇ ಅರ್ಧಕ್ಕಿಂತ ಜಾಸ್ತಿ ಹೊತ್ತು ಹೋಯಿತು. ಮಾರ್ಚ್ ತಿಂಗಳ ಖರ್ಚಿನ ಬಗ್ಗೆ ಬೇರೆ ಹೇಳಬೇಕೆಂದಿದ್ದೆ. ಚುಟುಕಾಗಿ ಹೇಳುತ್ತೇನೆ. ವರ್ಷದ ಹಣದಲ್ಲಿ ಮಾರ್ಚ್ ಒಂದೇ ತಿಂಗಳಲ್ಲಿ ಶೇಕಡ 15ಕ್ಕಿಂತ, ಕೊನೆಯ ಮೂರು ತಿಂಗಳಲ್ಲಿ ಶೇಕಡ 33ಕ್ಕಿಂತ ಹೆಚ್ಚು ಖರ್ಚು ಮಾಡಬಾರದು ಅಂತ ಹಣಕಾಸು ಸಚಿವಾಲಯದ ಕಟ್ಟಳೆ. ಯಾಕೆ ಇಂಥ ಕಟ್ಟಳೆ ಬೇಕಾಯಿತು ಅನ್ನುವುದನ್ನು ಮಾರ್ಚ್ 31ರ ರಾತ್ರಿ ಖಜಾನೆ ಕಚೇರಿಯ ಮುಂದೆ ನಿಂತವರು ಹೇಳಬಲ್ಲರು.

ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಇದೆ, 22 ಜನರದ್ದು. 1967ರಿಂದ ಅದರ ಅಧ್ಯಕ್ಷತೆ ವಿರೋಧ ಪಕ್ಷದವರಿಗೆ. ಆದರೆ ಅದು ನೋಡುವುದು ಆಡಿಟ್ ಮುಗಿದ ಮೇಲೆ, ವರ್ಷಗಟ್ಟಲೆ ಕಳೆದು. ಅಷ್ಟು ಹೊತ್ತಿಗೆ ಹುಣಸೆಹಣ್ಣು ಹಳೆಯದಾಗಿರುತ್ತದೆ.

ಬಜೆಟ್ ಪುಸ್ತಕ ಓದುವುದು ಹೇಗೆ ಅಂತ ಒಂದು ನಿಮಿಷ. ಕಷ್ಟ ಏನಿಲ್ಲ, ಇಂಟರ್‌ನೆಟ್ಟಿನಲ್ಲೇ ಸಿಗುತ್ತದೆ. ಪ್ರತಿ ಇಲಾಖೆಗೂ ಒಂದು ಪಟ್ಟಿ, ನಾಲ್ಕು ಭಾಗ. 2025ರ ಬಜೆಟ್ ತೆಗೆದುಕೊಳ್ಳಿ. ಮೊದಲ ಭಾಗದಲ್ಲಿ 2023-24ರಲ್ಲಿ ನಿಜಕ್ಕೂ ಖರ್ಚಾದದ್ದು. ಎರಡನೆಯದು 2024-25ಕ್ಕೆ ಕೊಡುತ್ತೇವೆ ಅಂದದ್ದು. ಮೂರನೆಯದು ಅದೇ ವರ್ಷಕ್ಕೆ ನಡುವೆ ತಿದ್ದಿದ ಅಂದಾಜು. ನಾಲ್ಕನೆಯದು 2025-26ಕ್ಕೆ. ಪೇಪರಿನವರು ನಾಲ್ಕನೆಯದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ನೀವು ಎರಡನೆಯದನ್ನೂ ಮೂರನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಡಿಮೆಯಾಗಿದ್ದರೆ ಯಾಕೆ ಅಂತ ಕೇಳಿ. ಮೊದಲನೆಯದನ್ನು ನೋಡಿ, ಆ ಹಣದಿಂದ ಏನಾಯ್ತು ಅಂತ ಕೇಳಿ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಕರೆಂಟ್ ಬಿಲ್ಲು.

ಕೇಳುವುದು ಹೇಗೆ ಅನ್ನುತ್ತೀರಾ? ನಿಮ್ಮ ಎಂ.ಪಿ.ಗೆ ಬರೆಯಿರಿ. ಮದುವೆಗೆ ಕರೆಯುತ್ತೀರಿ, ಟ್ರಾನ್ಸ್‌ಫರ್ ಮಾಡಿಸಿ ಅಂತ ಕೇಳುತ್ತೀರಿ, ಒಂದು ಪ್ರಶ್ನೆ ಕೇಳಿಸಿ ಅಂತ ಯಾಕೆ ಕೇಳುವುದಿಲ್ಲ? ಪ್ರಶ್ನೆಗೆ 15 ದಿನದ ಮುಂಚೆ ನೋಟಿಸ್ ಕೊಡಬೇಕು, ಅದು ಅವರ ತಲೆನೋವು. ಮಂತ್ರಿ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಅಂದರೂ ಬಿಡಬೇಡಿ. ಹಾಗೆ ಅಂದದ್ದು ಭರವಸೆಯಾಗುತ್ತದೆ. ಮೂರು ತಿಂಗಳಲ್ಲಿ ಈಡೇರಿಸಬೇಕು, ಅದನ್ನು ನೋಡಿಕೊಳ್ಳಲಿಕ್ಕೇ ಇನ್ನೊಂದು ಸಮಿತಿ ಇದೆ.

ಪೆನ್ನು ಇದ್ದರೆ ತೊಗೊಳ್ಳಿ, ಬರೆಸುತ್ತೇನೆ. ‘ಮಾನ್ಯರೇ, ನಮ್ಮ ತಾಲ್ಲೂಕಿನಲ್ಲಿ ಕಾಫಿ ಕಣಕ್ಕೆ, ಪಲ್ಪರಿಗೆ, ಮರುನಾಟಿಗೆ ಕಳೆದ ಮೂರು ವರ್ಷದಲ್ಲಿ ಸಬ್ಸಿಡಿ ಕೇಳಿ ಬಂದ ಅರ್ಜಿ ಎಷ್ಟು? ಅದರಲ್ಲಿ ಹಣ ಕೈಗೆ ಸೇರಿದವರು ಎಷ್ಟು ಜನ? ಅರ್ಜಿ ಕೊಟ್ಟ ಎಷ್ಟು ದಿನಕ್ಕೆ ಸೇರಿತು?’ ಮೂರೇ ಸಾಲು. ನಾಲ್ಕನೇ ಸಾಲು ಬರೆದರೆ ಅದಕ್ಕೆ ಮಾತ್ರ ಉತ್ತರ ಕೊಟ್ಟು ತಪ್ಪಿಸಿಕೊಳ್ಳುತ್ತಾರೆ, ನಾನೂ ಹಾಗೇ ಮಾಡಿದ್ದೇನೆ. ಕಾಫಿ ಇರುವ ಕಡೆ ನಿಮ್ಮ ಬೆಳೆಯ ಹೆಸರು ಹಾಕಿಕೊಳ್ಳಿ. ಕೆಳಗೆ ಸಹಿ, ಊರು, ಪಿನ್ ಕೋಡು.

ನಮಸ್ಕಾರ.